ಒಂದು ಕಡ್ಡಿ ಉರಿಯುವಷ್ಟು ಹೊತ್ತು

ಬುವಾಲೈ ಮಾಡಿದ ಸೂಜಿಯ ತುದಿಯನ್ನು ಬರಿಗಣ್ಣಿನಿಂದ ಕಂಡವರು ಥಾಯ್ಲೆಂಡಿನ ಖೋನ್‌ಕೇನ್ ಊರಿನಲ್ಲಿ ಒಬ್ಬರೂ ಇಲ್ಲ. ಅವಳೂ ಕಂಡವಳಲ್ಲ. ಗಾಜಿನ ಕೊಳವೆಯನ್ನು ಕಾಯಿಸಿ, ಅದು ಜೇನಿನಂತೆ ಮೆತ್ತಗಾದ ಗಳಿಗೆ ನೋಡಿ ಎರಡೂ ಕಡೆಯಿಂದ ಎಳೆದು, ತಲೆಗೂದಲನ್ನು ನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟು ಸಣ್ಣಗೆ ಮಾಡುವುದು ಅವಳ ಕೆಲಸ. ಒಳಗೆ ಪ್ಲಾಟಿನಂ ತಂತಿ, ತುದಿಗೆ ತೆಳುವಾದೊಂದು ಲೇಪ. ಹತ್ತೊಂಬತ್ತು ವರ್ಷದಿಂದ ವಿಶ್ವವಿದ್ಯಾಲಯದ ಆ ಮೂಲೆಯ ಮೇಜಿನಲ್ಲಿ ಕುಳಿತು ಇದನ್ನೇ ಮಾಡಿಕೊಂಡು ಬಂದಿದ್ದಳು. ಎಳೆಯುವಾಗ ಉಸಿರು ಬಿಗಿಹಿಡಿಯುವಳು. ಆಗ ಪಕ್ಕದಲ್ಲಿ ಯಾರಾದರೂ ಸೀನಿದರೆ ಆ ದಿನವಿಡೀ ಅವರೊಡನೆ ಮಾತಿಲ್ಲ.

ಆ ಸೂಜಿ ಜೀವ ಇರುವ ಮಾಂಸದೊಳಗೆ ಇಳಿದು ಅದರ ಕಷ್ಟ ಎಷ್ಟೆಂದು ಹೇಳುತ್ತಿತ್ತು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದಿಲ್ಲವೇ, ಜೀವಕೋಶವೂ ಹಾಗೆಯೇ, ತನ್ನನ್ನು ಬದುಕಿಸುವ ಆಮ್ಲಜನಕದಿಂದಲೇ ಒಳಗೊಳಗೆ ಕೆಡುತ್ತದೆ. ಆರೋಗ್ಯವಾದ ಕೋಶ ಅದನ್ನು ತಡೆದುಕೊಳ್ಳುತ್ತದೆ, ಕಾಯಿಲೆ ಹೊಕ್ಕಿದ್ದು ಸೋಲುತ್ತದೆ. ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಹೆಸರಿದೆ. ಬುವಾಲೈ ಅದನ್ನು ‘ಸಂಕಟ’ ಎನ್ನುತ್ತಿದ್ದಳು. ಸಂಕಟ ಹೆಚ್ಚಿದ ಕಡೆ ಪೆರಾಕ್ಸೈಡ್ ಎಂಬ ರಾಸಾಯನಿಕ ಹೆಚ್ಚು. ಪೆರಾಕ್ಸೈಡ್ ಹೆಚ್ಚಿದರೆ ಸೂಜಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚು. ಆಗ ಪರದೆಯ ಮೇಲಿನ ಗೆರೆ ಮೇಲಕ್ಕೇರುತ್ತದೆ. ಇದನ್ನು ತಿಳಿಯಲು ಡಾಕ್ಟರ್ ಪದವಿ ಬೇಡ ಎಂಬುದು ಅವಳ ಅಭಿಪ್ರಾಯವಾಗಿತ್ತು.

ಅವಳಿಗೆ ಈ ಸೂಜಿಯ ಮೇಲೆ ಇಷ್ಟೊಂದು ಜೀವ ಇರಲು ಅಣ್ಣ ಬುನ್‌ತಾ ಕಾರಣ. ಹಸಿಮೀನಿನ ಕೊಯ್ ಇಲ್ಲದೆ ಅವನು ಊಟಕ್ಕೆ ಕೂತವನಲ್ಲ. ಹೊಳೆಯ ಸಣ್ಣ ಮೀನನ್ನು ಹಾಗೇ ಕೊಚ್ಚಿ, ನಿಂಬೆ ಹಿಂಡಿ, ಹುರಿದ ಅಕ್ಕಿಯ ಪುಡಿ, ಮೆಣಸಿನ ಪುಡಿ ಕಲಸಿದರೆ ಆಯಿತು. ಬೇಯಿಸಿಕೊಂಡು ತಿನ್ನು ಅಂದರೆ, “ಬೇಯ್ಸಿದ್ರೆ ಅದು ಕೊಯ್ ಅಲ್ಲ ಕಣೇ, ಕಾಯಿಲೆಯವರ ಪಥ್ಯ,” ಎಂದು ನಗುವನು. ಮೀನಿನೊಂದಿಗೆ ಒಳಗೆ ಹೋದ ಹುಳುಗಳು ಅವನ ಯಕೃತ್ತಿನಲ್ಲಿ ಇಪ್ಪತ್ತು ವರ್ಷ ಸದ್ದಿಲ್ಲದೆ ಸಂಸಾರ ಹೂಡಿದವು. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಹೋದ. ತಡವಾಯಿತು ಎಂದರು. ಕೊನೆಯ ವಾರ ಅವಳ ಕೈ ಹಿಡಿದುಕೊಂಡು ಕೇಳಿದ್ದ: “ನೀನು ಅಷ್ಟು ದೊಡ್ಡ ಲ್ಯಾಬಲ್ಲಿ ಇದ್ದೀಯಲ್ಲೇ. ಮೊದ್ಲೇ ಗೊತ್ತಾಗ್ತಿರ್ಲಿಲ್ವಾ?”

ಬುವಾಲೈಗೆ ಉತ್ತರ ಹೊಳೆದಿರಲಿಲ್ಲ. ಅದಾಗಿ ಒಂಬತ್ತು ವರ್ಷ. ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಅಣ್ಣ ಅದೇ ಪ್ರಶ್ನೆ ಕೇಳುತ್ತಿರುವಂತೆ ಕಾಣುತ್ತಿತ್ತು, ಪಾಪ, ಅವನು ಅದರಲ್ಲಿ ನಗುತ್ತಿದ್ದರೂ.

ಈ ವರ್ಷದ ಅಕ್ಟೋಬರ್ ಹೊತ್ತಿಗೆ ಸೂಜಿ ಉತ್ತರದ ಹತ್ತಿರ ಹತ್ತಿರ ಬಂದಿತ್ತು. ಹ್ಯಾಮ್‌ಸ್ಟರ್‌ಗಳಿಗೆ ಹುಳು ಹೊಗಿಸಿ, ಅವುಗಳ ಯಕೃತ್ತಿನ ತೆಳುವಾದ ಚೂರನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಜೀವಂತ ಇಟ್ಟು ಸೂಜಿ ಇಳಿಸುತ್ತಿದ್ದರು. ಹುಳು ಹೊಕ್ಕು ಹತ್ತೇ ದಿನವಾಗಿದ್ದರೂ, ಸೂಕ್ಷ್ಮದರ್ಶಕಕ್ಕೆ ಏನೂ ಕಾಣದಿದ್ದರೂ, ಗೆರೆ ಏರುತ್ತಿತ್ತು. ಆರೋಗ್ಯವಾದ ಚೂರಿಗೆ ಇಳಿಸಿದರೆ ತಗ್ಗಿನಲ್ಲೇ ತಣ್ಣಗೆ ಹರಿಯುತ್ತಿತ್ತು.

ಆ ಪ್ರಯೋಗಾಲಯದ ಮುಖ್ಯಸ್ಥೆ ಆಚಾನ್ ಪಿಸಮೈ. ಆಚಾನ್ ಎಂದರೆ ಮೇಷ್ಟರು. ಅರವತ್ತಕ್ಕೆ ಹತ್ತಿರದ ಹೆಂಗಸು, ಮಾತು ಮೆತ್ತಗೆ. ಸಿಟ್ಟು ಬಂದಾಗ ಕನ್ನಡಕದ ಮೇಲಿಂದ ನೋಡುವರು, ಅಷ್ಟು ಸಾಕು. ಅವರ ಕೆಳಗೆ ಡಾಕ್ಟರ್ ವೀರಯುತ್, ಜಪಾನಿನಲ್ಲಿ ಆರು ವರ್ಷ ಕಲಿತು ಬಂದವನು. ಹುಡುಗಾಟದ ವಯಸ್ಸೇನಲ್ಲ, ಮೂವತ್ತೈದು ದಾಟಿತ್ತು. ಮನಸ್ಸು ಒಳ್ಳೆಯದೇ. ಆದರೆ ಊರಿನ ಯಾವ ವಸ್ತು ಕಂಡರೂ ಮೂಗು ಮುರಿಯುವ ಚಟ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಪೈಕಿ.

“ದೊಡ್ಡಮ್ಮ, ಈ ಗೆರೆ ನೋಡಿ,” ಎಂದ ಒಂದು ದಿನ. ಆ ಕಟ್ಟಡದಲ್ಲಿ ಎಲ್ಲರಿಗೂ ಬುವಾಲೈ ದೊಡ್ಡಮ್ಮನೇ. “ಚಳಿಜ್ವರ ಬಂದವರ ಥರ ನಡುಗ್ತಿದೆ.”

“ಅದು ಪಂಪು ಗುರ್ ಅನ್ನೋದಕ್ಕೆ ಕಣಪ್ಪ. ಹತ್ತೊಂಬತ್ತು ವರ್ಷದಿಂದ ನಡುಗ್ತಾನೇ ಇದೆ.”

“ಹತ್ತೊಂಬತ್ತು ವರ್ಷ ಮಾಡಿದ ತಪ್ಪು ಇಪ್ಪತ್ತನೇ ವರ್ಷಕ್ಕೆ ಸರಿಹೋಗುತ್ತಾ?”

ಮಾತು ಚುಚ್ಚಿದರೂ ನಿಜವಾಗಿತ್ತು. ಚೂರು ಬದುಕಿರಬೇಕಾದರೆ ನೀರಿಗೆ ಗಾಳಿ ಊದುತ್ತಿರಬೇಕು. ಅದಕ್ಕೆ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪೊಂದು ಮೇಜಿನ ಮೇಲೇ ಇತ್ತು. ವೀರಯುತ್ ಅದನ್ನು ಎತ್ತಿಕೊಂಡು ಹೋಗಿ ಕಿಟಕಿಯಾಚೆ ಮೊಗಸಾಲೆಯ ಕಟ್ಟೆಯ ಮೇಲಿಟ್ಟು, ಕೊಳವೆಯನ್ನು ಕಿಟಕಿಯ ತೂತಿನಿಂದ ಒಳಗೆ ತಂದ. ನಡುಕ ನಿಂತೇ ಹೋಯಿತು. ಗೆರೆ ರೇಷ್ಮೆ ದಾರದಷ್ಟು ನಯವಾಯಿತು. ಬುವಾಲೈಯೇ ಮೆಚ್ಚಿ ಅವನಿಗೆ ಸುಟ್ಟ ಕೋಳಿ, ಪಪ್ಪಾಯಿಕಾಯಿಯ ಸೋಮ್‌ತಮ್ ಕೋಸಂಬರಿ, ಅಂಟನ್ನ ತಂದು ತಿನ್ನಿಸಿದಳು.

ಮಾರನೇ ವಾರದಿಂದ ಸೂಜಿ ಕೆಟ್ಟಿತು.

ಕೆಟ್ಟಿತು ಎಂದು ಎಲ್ಲರೂ ಅಂದರು. ಆರೋಗ್ಯವಾದ ಯಕೃತ್ತಿಗೆ ಇಳಿಸಿದರೂ ಗೆರೆ ಏರತೊಡಗಿತು. ಹುಳು ಇರುವುದು, ಇಲ್ಲದ್ದು, ಎಲ್ಲಕ್ಕೂ ಒಂದೇ ಸಂಕಟ. ಅಳತೆ ಗೊತ್ತಿರುವ ಪೆರಾಕ್ಸೈಡಿನ ಬಾಟಲಿಯಲ್ಲಿ ಅದ್ದಿದರೆ ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಸರಿ ಹೇಳುತ್ತಿತ್ತು. ಬುವಾಲೈ ಲೇಪ ಬದಲಿಸಿದಳು, ತಂತಿ ಬದಲಿಸಿದಳು, ಒಂದು ತಿಂಗಳಲ್ಲಿ ನಲವತ್ತು ಹೊಸ ಸೂಜಿ ಎಳೆದಳು. ಬಾಟಲಿಯಲ್ಲಿ ಎಲ್ಲವೂ ಜಾಣ, ಮಾಂಸದಲ್ಲಿ ಎಲ್ಲವೂ ದಡ್ಡ. ಖರ್ಚು ಕೊಡುವ ಬ್ಯಾಂಕಾಕಿನ ಸಮಿತಿಯ ಮುಂದೆ ನವೆಂಬರಿನಲ್ಲಿ ಎರಡು ಸಲ ಪರೀಕ್ಷೆ ನಡೆಯಿತು. ಆರು ಚೂರು, ಯಾವುದು ರೋಗದ್ದು, ಯಾವುದು ಅಲ್ಲ ಎಂದು ಹೇಳದೆ ಗುರುತಿನ ಅಂಕಿ ಮಾತ್ರ ಬರೆದು ಕೊಡುತ್ತಾರೆ. ಸೂಜಿ ಬೇರ್ಪಡಿಸಬೇಕು. ಎರಡು ಸಲವೂ ಆರಕ್ಕೆ ಆರನ್ನೂ ರೋಗದ್ದು ಎಂದಿತು.

“ಕಾಣದೇ ಇರೋದನ್ನ ಅಳೀತೀವಿ ಅಂತ ಹೊರಟಿದ್ದೀವಿ. ಕಾಣೋದೇ ಸರಿಯಾಗಿಲ್ಲ,” ಎಂದ ವೀರಯುತ್. ಸೂಜಿಯ ಬದಲಿಗೆಂದು ಹೊರದೇಶದ ಒಂದು ಕಂಪನಿಯಿಂದ ಉಗುರಿನಗಲದ ಅಳತೆಪಟ್ಟಿಗಳ ಪೆಟ್ಟಿಗೆ ತರಿಸಿ ಬೀರುವಿನ ಮೇಲಿಟ್ಟಿದ್ದ. “ಕೈಯಲ್ಲಿ ಎಳೆಯೋ ಕಾಲ ಮುಗೀತು ದೊಡ್ಡಮ್ಮ. ನಿಮ್ಮನ್ನ ಬೈತಿಲ್ಲ.”

“ಬಾಟ್ಲಿಯಲ್ಲಿ ಸರಿ ಹೇಳುತ್ತಲ್ಲ?”

“ನಾವೇನು ಬಾಟ್ಲಿಗೆ ಚಿಕಿತ್ಸೆ ಕೊಡ್ತೀವಾ?”

ಆಚಾನ್ ಪಿಸಮೈ ಅವಳನ್ನು ಒಬ್ಬಳನ್ನೇ ಕೋಣೆಗೆ ಕರೆದರು. ಡಿಸೆಂಬರಿನಲ್ಲಿ ಮೂರನೆಯ ಪರೀಕ್ಷೆ, ಅದೇ ಕೊನೆಯದು. ಸೋತರೆ ಸೂಜಿಯ ಮೇಜು ಮುಚ್ಚುತ್ತದೆ, ಬುವಾಲೈ ಕಡತಗಳ ಕೋಣೆಗೆ ಹೋಗಬೇಕಾಗುತ್ತದೆ. “ನಾನು ಕಾಲು ಹಿಡಿಯೋದೊಂದು ಬಿಟ್ಟು ಎಲ್ಲಾ ಮಾಡ್ದೆ, ಬುವಾಲೈ,” ಎಂದರು. ಕಡತದ ಕೋಣೆಗೆ ಅವಳು ಹೆದರಲಿಲ್ಲ. ಧೂಳು ಯಾರನ್ನೂ ಕೊಂದಿಲ್ಲ. ಆದರೆ ಇಷ್ಟು ಹತ್ತಿರ ಬಂದಿದ್ದ ಉತ್ತರವನ್ನು ಕಸದ ಡಬ್ಬಿಗೆ ಹಾಕಿ ಅಣ್ಣನ ಫೋಟೋದ ಮುಂದೆ ಹೇಗೆ ನಿಲ್ಲುವುದು? ಅದನ್ನು ನೆನೆದು ಅವಳಿಗೆ ಅಳು ಬಂತು, ಕೊಳವೆ ತೊಳೆಯುವ ನಲ್ಲಿಯ ಹತ್ತಿರ ನಿಂತು ಚೆನ್ನಾಗಿ ಅತ್ತಳು.

ಅತ್ತು ಮುಗಿದ ಮೇಲೆ, ಮನುಷ್ಯರ ಕೈಯಲ್ಲಿ ಆಗದಿದ್ದಾಗ ಎಲ್ಲರೂ ಹೋಗುವ ಕಡೆಗೆ ಅವಳೂ ಹೋದಳು.

ಮೊಗಸಾಲೆಯ ಕೊನೆಯಲ್ಲಿ ಕಂಬದ ಮೇಲೊಂದು ಸಣ್ಣ ಗೂಡು, ಅದರಲ್ಲಿ ಆ ಸ್ಥಳದ ದೈವ. ಕಟ್ಟಡ ಕಟ್ಟುವಾಗಲೇ ಅದಕ್ಕೆ ಜಾಗ ಕೊಟ್ಟಾಗಿತ್ತು. ದಿನವೂ ಯಾರಾದರೂ ಕೆಂಪು ಸೋಡಾದ ಬಾಟಲಿಗೆ ಕೊಳವೆ ಹಾಕಿ ಮುಂದಿಡುತ್ತಿದ್ದರು. ಪ್ರಯೋಗಕ್ಕೆ ಹ್ಯಾಮ್‌ಸ್ಟರ್ ಪ್ರಾಣ ಕೊಟ್ಟ ದಿನ ಬುವಾಲೈ ಅಲ್ಲಿ ಊದುಬತ್ತಿಯ ಕಡ್ಡಿ ಹಚ್ಚುವಳು. ಸತ್ತವರಿಗೆ ಒಂಟಿ ಕಡ್ಡಿ, ಆದ್ದರಿಂದ ಪ್ರಾಣಿಗೊಂದು. “ದಾರಿ ತೋರ್ಸಪ್ಪ ಇದಕ್ಕೆ, ಮುಂದಿನ ಸಲ ಮನುಷ್ಯನಾಗಿ ಹುಟ್ಲಿ, ಲ್ಯಾಬಿನ ಹತ್ರ ಮಾತ್ರ ಬೇಡ,” ಎಂದು ಬೇಡಿಕೊಳ್ಳುವಳು. ಎಷ್ಟೋ ವರ್ಷದ ರೂಢಿ, ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಮೊದಲ ಪರೀಕ್ಷೆ ಸೋತ ಮೇಲೆ ಪ್ರಾಣಿಗೊಂದರ ಜೊತೆಗೆ ದೈವಕ್ಕೆಂದು ಮೂರು ಸೇರಿಸಿದಳು. ಎರಡನೆಯದೂ ಸೋತ ಮೇಲೆ ಮೂರು ಒಂಬತ್ತಾಯಿತು, ಒಂದು ಚೂರು ತೆಗೆದು ಇನ್ನೊಂದು ಇಡುವ ನಡುವೆಯೂ ಓಡಿಹೋಗಿ ಹಚ್ಚಿ ಬರತೊಡಗಿದಳು. ಹರಕೆಯೂ ಹೊತ್ತಳು: ಸೂಜಿ ಗೆದ್ದರೆ ತೊಂಬತ್ತೊಂಬತ್ತು ಬೇಯಿಸಿದ ಮೊಟ್ಟೆ. ಭಕ್ತಿ ಏರಿದಷ್ಟೂ ಗೆರೆ ಏರಿತು. ದೈವ ಕೈಬಿಟ್ಟಿತು ಎಂದೇ ಅವಳು ತಿಳಿದಳು. ಗೂಡಿನಿಂದ ಎರಡು ಮೊಳದಾಚೆ, ಕಟ್ಟೆಯ ಮೇಲೆ ಕುಳಿತು, ಪಂಪು ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು.

ಕೊನೆಯ ಪರೀಕ್ಷೆಗೆ ಬ್ಯಾಂಕಾಕಿನಿಂದ ಡಾಕ್ಟರ್ ಸುಮೊಂತಾ ಬಂದರು. ಎಪ್ಪತ್ತರ ಹತ್ತಿರದ, ಒಣಕಲು ದೇಹದ ಹೆಂಗಸು. ಇಸಾನ್ ಸೀಮೆಯ ಡಿಸೆಂಬರ್ ಚಳಿಗೆ ಎರಡು ಸ್ವೆಟರು ಒಂದರ ಮೇಲೊಂದು ಹಾಕಿದ್ದರು. ಕಾಫಿ ಬೇಡ ಅಂದರು, ಹಣ್ಣು ಬೇಡ ಅಂದರು, ಕುರ್ಚಿ ಮಾತ್ರ ತೆಗೆದುಕೊಂಡರು.

ಬೆಳಗ್ಗೆ ಎಂಟೂಕಾಲಿಗೆ ಬುವಾಲೈ ಹದಿನೈದು ಕಡ್ಡಿ ಹಚ್ಚಿ ಬಂದಿದ್ದಳು: ಆರು ಹ್ಯಾಮ್‌ಸ್ಟರ್‌ಗಳಿಗೆ ಆರು, ದೈವಕ್ಕೆ ಒಂಬತ್ತು. ಎಂಟೂವರೆಗೆ ಮೊದಲ ಚೂರಿಗೆ ಸೂಜಿ ಇಳಿಸಿದಳು. ಗೆರೆ ಸ್ವಲ್ಪ ಹೊತ್ತು ತಡೆದು, ಆಮೇಲೆ ಎದ್ದು ನಿಂತಿತು.

“ಶುರುವಾಯ್ತು,” ಎಂದು ವೀರಯುತ್ ನಿಟ್ಟುಸಿರು ಬಿಟ್ಟ. “ಮುಂದಿನ ಚೂರು ಹಾಕೋಣ್ವಾ?”

“ಯಾಕೆ ಅವಸರ?” ಎಂದರು ಸುಮೊಂತಾ. ಅವರ ತೊಡೆಯ ಮೇಲೆ ಹತ್ತೊಂಬತ್ತು ವರ್ಷದ ದಿನಚರಿ ಪುಸ್ತಕಗಳ ರಾಶಿ ಇತ್ತು. “ನಾನು ಇದನ್ನ ಓದಿ ಮುಗಿಸೋ ತನಕ ಸೂಜಿ ಅಲ್ಲೇ ಇರ್ಲಿ. ಯಾರೂ ಮುಟ್ಬೇಡಿ. ಮೇಜಿನ ಹತ್ರ ಇರೋರು ಎದ್ದು ಓಡಾಡ್ಬೇಡಿ.”

ಆ ಪ್ರಯೋಗಾಲಯದಲ್ಲಿ ಅಲ್ಲಿಯವರೆಗೆ ಯಾರೂ ಇಷ್ಟು ನಿಧಾನ ಮಾಡಿದ್ದಿಲ್ಲ. ಅರ್ಧ ಗಂಟೆಗೊಂದು ಚೂರು, ಬರೆದುಕೋ, ತೆಗೆ, ಇನ್ನೊಂದಿಡು, ಹಾಗೇ ನಡೆಯುತ್ತಿತ್ತು. ನಡುನಡುವೆ ಬುವಾಲೈ ಹೊರಗೆ ಓಡುವಳು. ಇವತ್ತು ಅವಳನ್ನು ಕುರ್ಚಿಗೆ ಕಟ್ಟಿಹಾಕಿದಂತಾಗಿತ್ತು. ಹೊರಗೆ ಹಚ್ಚಿದ ಕಡ್ಡಿ ಆರಿಹೋಗಿರುತ್ತದೆ, ದೈವ ಮುಖ ತಿರುಗಿಸಿಕೊಂಡಿರುತ್ತದೆ ಎಂದು ಒಳಗೇ ಚಡಪಡಿಸಿದಳು.

ಒಂಬತ್ತಾಗುವ ಹೊತ್ತಿಗೆ ಗೆರೆ ಬಾಗಿತು. ಒಂಬತ್ತೂ ಹತ್ತಕ್ಕೆ ಪೂರ್ತಿ ಇಳಿದು, ಅಕ್ಟೋಬರಿಗೆ ಮುಂಚಿನ ದಿನಗಳಂತೆ ತಗ್ಗಿನಲ್ಲಿ ತಣ್ಣಗೆ ಹರಿಯತೊಡಗಿತು. ಆಚಾನ್ ಪಿಸಮೈ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ವೀರಯುತ್ ಕೂತಲ್ಲೇ ಬಗ್ಗಿ ತಂತಿಗಳ ಗಂಟನ್ನೆಲ್ಲ ಕಣ್ಣಿನಿಂದಲೇ ತಡಕಿದ. ಆಮೇಲೆ ಒಂದು ಫೋನು ಮಾಡಬೇಕು ಎಂದು ಅಪ್ಪಣೆ ಕೇಳಿ ಹೊರಗೆ ಹೋದ, ಐದು ನಿಮಿಷಕ್ಕೆ ವಾಪಸಾದ.

ಒಂಬತ್ತೂ ಇಪ್ಪತ್ತೈದಕ್ಕೆ ಗೆರೆ ಮತ್ತೆ ಎದ್ದಿತು. ಈ ಸಲ ಸಣ್ಣ ದಿಬ್ಬ, ಮೊದಲಿನದರ ಮುಂದೆ ಮರಿಯಂತೆ. ಏರಿ, ಸಮನಾಗಿ ನಡೆದು, ಹತ್ತೂ ಐದಕ್ಕೆ ಸರಿಯಾಗಿ ಇಳಿಯಿತು. ಸುಮೊಂತಾ ಪುಸ್ತಕ ಓದುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

ಬುವಾಲೈಯೂ ನೋಡುತ್ತಿದ್ದಳು. ಎದ್ದ ಜಾಗದಿಂದ ಬಿದ್ದ ಜಾಗದವರೆಗೆ ಬೆರಳಿಟ್ಟು ಎಣಿಸಿದಳು. ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಜ್ಜಿಯ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಂಟಕ್ಕಿಯ ಬುಟ್ಟಿಯನ್ನು ಒಲೆಗೇರಿಸಿ ಒಂದು ಕಡ್ಡಿ ಹಚ್ಚುವರು. ಕಡ್ಡಿ ಬೂದಿಯಾದರೆ ಅನ್ನ ಬೆಂದಂತೆ. ಹಸಿದ ಹೊಟ್ಟೆಯಲ್ಲಿ ಅಣ್ಣ ತಂಗಿ ಇಬ್ಬರೂ ಆ ಕಡ್ಡಿಯನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದರು. ಅಣ್ಣ ಕಳ್ಳತನದಿಂದ ಊದಿ ಊದಿ ಬೇಗ ಉರಿಸುವನು, ಅರ್ಧ ಬೆಂದ ಅನ್ನಕ್ಕೆ ಇಬ್ಬರೂ ಬೈಸಿಕೊಳ್ಳುವರು.

ಅವಳು ತಲೆಯೆತ್ತಿ ಹೊರಗೆ ನೋಡಿದಳು. ಕಿಟಕಿಯ ಗಾಜಿನಾಚೆ ಕಟ್ಟೆ, ಕಟ್ಟೆಯ ಮೇಲೆ ಪಂಪು, ಪಂಪಿನ ಪಕ್ಕದಲ್ಲೇ ದೈವದ ಗೂಡು. ಗೂಡಿನ ಮುಂದಿನ ಮರಳಿನ ಡಬ್ಬಿಯಲ್ಲಿ ಅವಳು ಹಚ್ಚಿದ ಹದಿನೈದು ಕಡ್ಡಿಗಳ ಬೂದಿ. ಅಯ್ಯೋ, ಇಷ್ಟು ದಿನ ಪಂಪು ಊದಿದ್ದು ಹೊಗೆ. ಚೂರು ಸಂಕಟಪಟ್ಟಿದ್ದು ನಿಜ. ಸೂಜಿ ಸಂಕಟವನ್ನು ಸಂಕಟ ಎಂದೇ ಹೇಳಿತ್ತು. ಕೇಳಿದವರೆಲ್ಲ ಅದನ್ನೇ ಸುಳ್ಳುಗಾರ ಎಂದಿದ್ದರು.

ಸಂತೋಷಕ್ಕೆ ಕೂಗಬೇಕು ಅನಿಸಿತು. ಅದರ ಹಿಂದೆಯೇ ನಾಚಿಕೆ ಬಂತು. ಎರಡು ಪರೀಕ್ಷೆ ಹಾಳುಮಾಡಿದ್ದು ಅವಳದೇ ಕೈ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು, ಕಲ್ಲು ಸಾಲದೆಂದು ಬಂಡೆಯನ್ನೂ ಉರುಳಿಸಿಕೊಂಡಿದ್ದಳು. ಬಾಯಿ ಬಿಟ್ಟರೆ ಸೂಜಿ ಉಳಿಯುತ್ತದೆ, ಅವಳ ಮಾನ ಹೋಗುತ್ತದೆ. ಅಣ್ಣನ ಪ್ರಶ್ನೆಯ ಮುಂದೆ ಮಾನ ದೊಡ್ಡದೆನಿಸಲಿಲ್ಲ.

“ಸೂಜಿ ಸರಿಯಾಗಿದೆ,” ಎಂದಳು ಎದ್ದು ನಿಂತು. “ತಪ್ಪು ನಂದು. ನಾನು ಹೊರಗೆ ಕಡ್ಡಿ ಹಚ್ತೀನಿ. ಆ ಹೊಗೇನ ಪಂಪು ಎಳ್ಕೊಂಡು ಚೂರಿಗೆ ಊದ್ತಿದೆ. ಬೆಳಗ್ಗೆ ಹದಿನೈದು ಹಚ್ಚಿದ್ದೆ. ಮೊದ್ಲನೇ ದಿಬ್ಬ ಅದು.”

ಸುಮೊಂತಾ ಪುಸ್ತಕ ಮುಚ್ಚಿ ಪೆನ್ನು ತೆಗೆದರು.

“ಹದಿನೈದಾ?” ಎಂದರು ಸುಮೊಂತಾ.

“ಆರು ಹ್ಯಾಮ್‌ಸ್ಟರ್‌ಗಳಿಗೆ. ಒಂಬತ್ತು ಸ್ಥಳದ ದೈವಕ್ಕೆ.”

“ದೈವಕ್ಕೆ ಯಾಕೆ?”

“ಸೂಜಿ ಪಾಸಾಗ್ಲಿ ಅಂತ.”

ಆಚಾನ್ ಪಿಸಮೈ ಕಣ್ಣು ಮುಚ್ಚಿಕೊಂಡರು. ವೀರಯುತ್‌ನ ಮುಖ ಕೆಂಪಾಯಿತು. ಎಂದಿನಂತೆ ಅವನು ಮೂಗು ಮುರಿಯಲಿಲ್ಲ, ಬುವಾಲೈ ಅದನ್ನು ಗಮನಿಸಿದಳು.

“ಸರಿ. ಎರಡನೇ ದಿಬ್ಬ?” ಸುಮೊಂತಾ ಪೆನ್ನಿನಿಂದ ಪರದೆ ತೋರಿಸಿದರು. “ಒಂಬತ್ತೂ ಇಪ್ಪತ್ತೈದಕ್ಕೆ ನೀವು ನನ್ನ ಕಣ್ಣೆದುರೇ ಕೂತಿದ್ರಿ. ಅದು ಯಾರ ಹೊಗೆ?”

ಬುವಾಲೈ ಪರದೆ ನೋಡಿದಳು. ಸಣ್ಣ ದಿಬ್ಬ, ಒಂಟಿ ಕಡ್ಡಿಯದು. ಹೊರಗೆ ಹೋಗಿ ಬಂದವನು ಯಾರೆಂದು ಅವಳಿಗೆ ಹೊಳೆದಿತ್ತು. “ಅದು ನಂಗೊತ್ತಿಲ್ಲ,” ಎಂದಳು.

ವೀರಯುತ್ ಚಾವಣಿ ನೋಡಿದ, ಬೀರುವಿನ ಮೇಲಿನ ಪೆಟ್ಟಿಗೆ ನೋಡಿದ. ಕೊನೆಗೆ ಬಗ್ಗಿಸಿದ ತಲೆ ಎತ್ತದೆ ಹೇಳಿದ: “ನಂದು.”

“ಫೋನು ಮಾಡ್ತೀನಿ ಅಂದೆ?” ಎಂದರು ಆಚಾನ್.

“ಮಾಡ್ದೆ, ಆಚಾನ್. ಗೂಡಿನ ಹತ್ರ ನಿಂತು ಮಾಡ್ದೆ. ದೊಡ್ಡಮ್ಮ ಅಷ್ಟು ದಿನದಿಂದ ಹಚ್ತಿದ್ದಾರೆ, ಗೆರೆ ಇವತ್ತು ಇಳೀತಲ್ಲ, ಕೆಲ್ಸ ಮಾಡ್ತಿರ್ಬಹುದು ಅಂತ… ಒಂದು ಇರ್ಲಿ ಅಂತ ಹಚ್ಚಿದೆ.”

ಮೊದಲು ನಕ್ಕಿದ್ದು ಸುಮೊಂತಾ. ಎರಡು ಸ್ವೆಟರಿನೊಳಗಿಂದ ಅಷ್ಟು ದೊಡ್ಡ ನಗು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಆಚಾನ್ ಬಾಯಿಗೆ ಕೈ ಅಡ್ಡ ಹಿಡಿದರು, ಆಗಲಿಲ್ಲ. ನಗು ನಿಂತಾಗ ಸುಮೊಂತಾರ ಮುಖ ಮತ್ತೆ ಪರೀಕ್ಷಕರದಾಗಿತ್ತು.

“ಕತೆ ಚೆನ್ನಾಗಿದೆ. ಕತೆ ನಂಬಿ ನಾನು ಸಹಿ ಹಾಕಲ್ಲ. ತೋರ್ಸಿ.”

ತೋರಿಸುವ ಬಗೆಯನ್ನೂ ಅವರೇ ಗೊತ್ತುಮಾಡಿದರು. ಹೊಸ ಚೂರು ಇಟ್ಟು, ಕಿಟಕಿ ಮುಚ್ಚಿ, ಪರದೆಯನ್ನೂ ಎಳೆದು, ಎಲ್ಲರನ್ನೂ ಒಳಗೆ ಕೂರಿಸಿ, ಕಡ್ಡಿಯ ಪೊಟ್ಟಣ ಹಿಡಿದು ತಾವೊಬ್ಬರೇ ಮೊಗಸಾಲೆಗೆ ಹೋದರು. ಐದು ಸುತ್ತು. ಕೆಲವು ಸಲ ಗೇಣುದ್ದದ ಕಡ್ಡಿ ಮುರಿದು ಚೋಟುದ್ದ ಹಚ್ಚುತ್ತಾರೆ, ಕೆಲವು ಸಲ ಸುಮ್ಮನೆ ನಿಂತು ಬರುತ್ತಾರೆ. ಯಾವಾಗ ಏನು ಮಾಡಿದರೆಂದು ಚೀಟಿಯಲ್ಲಿ ಬರೆದು ಸ್ವೆಟರಿನೊಳಗೆ ಇಟ್ಟುಕೊಳ್ಳುತ್ತಾರೆ. ಒಳಗಿದ್ದವರು ಸೂಜಿ ಹೇಳಿದ್ದನ್ನು ಬರೆಯಬೇಕು. ವಾಸನೆ ಹಿಡಿದು ಹೇಳುವ ಮೋಸಕ್ಕೆ ಬುವಾಲೈಯ ಮಟ್ಟಿಗಂತೂ ದಾರಿ ಇರಲಿಲ್ಲ. ಮೂರು ದಿನದಿಂದ ಅವಳ ಮೂಗು ಕಟ್ಟಿತ್ತು. ಉಳಿದ ಇಬ್ಬರ ಮೂಗಿಗೆ ಸುಮೊಂತಾ ಮುಲಾಮು ಸವರಿ ಹೋಗಿದ್ದರು.

ಮೊದಲ ಸುತ್ತು, ಗೆರೆ ಏರಿತು. ಹಚ್ಚಿದ್ದಾರೆ ಎಂದು ಬರೆದರು. ಎರಡನೆಯದು, ಅಲುಗಲಿಲ್ಲ. ಮೂರನೆಯದೂ ಅಲುಗಲಿಲ್ಲ. ನಾಲ್ಕನೆಯದಕ್ಕೆ ಏರಿತು. ಐದನೆಯ ಸುತ್ತಿಗೆ ಗೆರೆ ಹಿಂದೆ ಏರಿದ್ದರ ಎರಡರಷ್ಟು ಏರಿತು, ಬುವಾಲೈ ಹುಬ್ಬು ಗಂಟಿಕ್ಕಿದಳು.

“ಎರಡು ಹಚ್ಚಿದ್ದಾರೆ,” ಎಂದಳು.

“ಎರಡು ಹಚ್ತೀನಿ ಅಂತ ಅವ್ರು ಹೇಳೇ ಇಲ್ಲ, ದೊಡ್ಡಮ್ಮ,” ಎಂದ ವೀರಯುತ್.

“ಸೂಜಿ ಹೇಳ್ತಿದೆ. ಬರಿ.”

ಅವನು ಬರೆದ. ಸುಮೊಂತಾ ಒಳಗೆ ಬಂದು, ಎರಡೂ ಕಾಗದ ಅಕ್ಕಪಕ್ಕ ಇಟ್ಟು, ಬೆರಳಿನಿಂದ ಒಂದೊಂದೇ ಸಾಲು ಇಳಿದರು. ಐದನೆಯ ಸಾಲಿನಲ್ಲಿ ಬೆರಳು ನಿಂತಿತು. ಅವರ ಚೀಟಿಯಲ್ಲೂ ‘ಎರಡು’ ಎಂದಿತ್ತು.

“ಮೋಸ ಮಾಡೋಣ ಅಂತ ಹಚ್ಚಿದ್ದೆ,” ಎಂದರು. “ನಿಮ್ಮ ಸೂಜಿ ನನ್ನನ್ನೇ ಹಿಡಿದುಹಾಕ್ತು.”

ಊಟ ಮುಗಿಸಿ ಪಂಪನ್ನು ಒಳಗೆ ತಂದರು. ಮತ್ತೆ ನಡುಕ ಶುರುವಾದೀತು ಎಂದು ವೀರಯುತ್ ಹಿಂದೆಗೆದ. ಬುವಾಲೈ ತನ್ನ ರಬ್ಬರ್ ಚಪ್ಪಲಿ ಬಿಚ್ಚಿ ನೆಲದ ಮೇಲಿಟ್ಟು, ಅವನ ಕಾಲಿನ ಕಡೆ ನೋಡಿದಳು. ಅವನೂ ಬಿಚ್ಚಿಕೊಟ್ಟ. ನಾಲ್ಕು ಚಪ್ಪಲಿ ಒಂದರ ಮೇಲೊಂದು ಪೇರಿಸಿ ಪಂಪನ್ನು ಅದರ ಮೇಲೆ ಕೂರಿಸಿದರು. ಗೆರೆ ಮಿಸುಕಲಿಲ್ಲ. ಜಪಾನಿನಲ್ಲಿ ಇದನ್ನು ಕಲಿಸಲಿಲ್ಲವೇ ಎಂದು ಅವಳು ಕೇಳಬಹುದಿತ್ತು. ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ನಿಂತವನನ್ನು ಕಂಡು ಸುಮ್ಮನಾದಳು.

ಐಸಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಹೊಸ ಚೂರುಗಳು ಒಂದೊಂದಾಗಿ ಬಂದವು. ಮೊದಲನೆಯದು ತಗ್ಗು. ಎರಡನೆಯದು ಏರು. ಮೂರು, ಏರು. ನಾಲ್ಕು, ತಗ್ಗು. ಐದು, ತಗ್ಗು. ಆರನೆಯದು ಸ್ವಲ್ಪ ಹೊತ್ತು ಯೋಚಿಸುವಂತೆ ನಿಂತು, ಏರಿತು. ಆಚಾನ್ ಪಿಸಮೈ ಲಕೋಟೆ ಒಡೆದು ಗುರುತಿನ ಅಂಕಿಗಳನ್ನು ಓದುತ್ತ ಹೋದರು. ಮೂರನೆಯದಕ್ಕೆ ಬರುವಾಗಲೇ ಅವರ ದನಿ ಗದ್ಗದವಾಗಿತ್ತು. ಆರಕ್ಕೆ ಆರೂ ಸರಿ. ರೋಗದ ಆ ಮೂರು ಹ್ಯಾಮ್‌ಸ್ಟರ್‌ಗಳಿಗೂ ಹುಳು ಹೊಕ್ಕು ಹತ್ತೇ ದಿನವಾಗಿತ್ತು, ಸೂಕ್ಷ್ಮದರ್ಶಕದವರು ಮೂರನ್ನೂ ಆರೋಗ್ಯವಂತ ಎಂದು ಬರೆದುಕೊಟ್ಟಿದ್ದರು.

ಸುಮೊಂತಾ ಸಹಿ ಹಾಕಿದರು. ಸೂಜಿ ಮಾಡಿದವರ ಹೆಸರು ಬರೆಯುವ ಜಾಗದಲ್ಲಿ ಪ್ರಯೋಗಾಲಯದ ಹೆಸರಿತ್ತು. ಅದನ್ನು ಹೊಡೆದುಹಾಕಿ ಬುವಾಲೈಯ ಪೂರ್ತಿ ಹೆಸರು ಕೇಳಿ ಬರೆದುಕೊಂಡರು. ಹೊರಡುವಾಗ ಮೊಗಸಾಲೆಯಲ್ಲಿ ನಿಂತು, ಗೂಡಿನ ಕಡೆ ತಿರುಗಿ ಬರಿಗೈ ಜೋಡಿಸಿದರು.

ಆ ಭಾನುವಾರ ಹರಕೆ ತೀರಿತು. ಮೊಟ್ಟೆ ಬೇಯಿಸಿದವನು ವೀರಯುತ್, ಪ್ರಯೋಗಾಲಯದ ಗಂಟೆ ಇಟ್ಟು, ಒಂದೊಂದಕ್ಕೂ ಹನ್ನೊಂದು ನಿಮಿಷ. ಗೂಡಿನ ಮುಂದೆ ತೊಂಬತ್ತೊಂಬತ್ತು ಹಿಡಿಸುವ ಮೇಜಿರಲಿಲ್ಲ. ಅವನು ಒಳಗೆ ಹೋಗಿ ಬೀರುವಿನ ಮೇಲಿನ ಹೊರದೇಶದ ಪೆಟ್ಟಿಗೆಯನ್ನು, ಇನ್ನೂ ಅಂಟು ಬಿಚ್ಚದ್ದನ್ನು, ಹೊತ್ತು ತಂದು ಇಟ್ಟ. ಅದರ ಮೇಲೆ ಮೊಟ್ಟೆಯ ಬುಟ್ಟಿ ಸರಿಯಾಗಿ ಕೂತಿತು.

“ಹೊಗೆ ಇಲ್ದೆ ದೈವಕ್ಕೆ ಹೇಗೆ ಗೊತ್ತಾಗುತ್ತೆ, ದೊಡ್ಡಮ್ಮ?”

“ಇಷ್ಟು ದಿನ ಕೆಮ್ಮಿ ಕೆಮ್ಮಿ ಸಾಕಾಗಿತ್ತೋ ಏನೋ. ಈಗ ಕಣ್ಬಿಟ್ಟು ನೋಡ್ಲಿ.”

ದೈವಕ್ಕೆ ತೋರಿಸಿದ ಮೇಲೆ ಇಡೀ ಕಟ್ಟಡದವರು ಸೇರಿ ತಿಂದರು. ತಿನ್ನುತ್ತ ವೀರಯುತ್ ಸೂಜಿ ಎಳೆಯುವುದನ್ನು ಕಲಿಸಿಕೊಡಿ ಎಂದ. ಸೀನು ಬರುತ್ತದೆಯೇ ಎಂದು ಅವಳು ಮೊದಲು ವಿಚಾರಿಸಿದಳು.

ಒಂದು ಮೊಟ್ಟೆ ಎತ್ತಿಟ್ಟುಕೊಂಡು ಬುವಾಲೈ ಸಂಜೆಗೆ ಮನೆಗೆ ಬಂದಳು. ಅಣ್ಣನ ಫೋಟೋದ ಮುಂದೆ ಅದನ್ನು ಸುಲಿದು ಇಟ್ಟಳು. ಎರಡೂ ಕಿಟಕಿ ತೆರೆದಿಟ್ಟು ಒಂಟಿ ಕಡ್ಡಿ ಹಚ್ಚಿ, ಚಾಪೆ ಹಾಸಿ ಕೂತಳು. ಮೊದಲಿನಿಂದ ಎಲ್ಲ ಹೇಳಿದಳು: ಪಂಪು, ಹದಿನೈದು ಕಡ್ಡಿ, ಜಪಾನಿನಲ್ಲಿ ಕಲಿತವನ ಒಂಟಿ ಕಡ್ಡಿ, ಚಪ್ಪಲಿ. ಹ್ಯಾಮ್‌ಸ್ಟರಿನಿಂದ ಮನುಷ್ಯನವರೆಗೆ ಇನ್ನೂ ಬಹಳ ದೂರ, ಹತ್ತು ವರ್ಷವಾದರೂ ಬೇಕು ಎಂದು ಆಚಾನ್ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಕಡ್ಡಿ ಬುಡದವರೆಗೆ ಉರಿದು ಬೂದಿ ಬಾಗುವ ಹೊತ್ತಿಗೆ ಮಾತು ಮುಗಿದು, ಒಂದೇ ಒಂದು ಉಳಿದಿತ್ತು. ಒಂಬತ್ತು ವರ್ಷ ಕಾಯಿಸಿದ್ದಳು.

“ಗೊತ್ತಾಗುತ್ತೆ ಅಣ್ಣ,” ಎಂದಳು. “ಹತ್ತೇ ದಿನಕ್ಕೆ ಗೊತ್ತಾಗುತ್ತೆ.”